ಮನೆಗೆ ಆಮೆ ತರುವ ಮುನ್ನ

ಮುಂಬಯಿಯ ಇಕ್ಕಟ್ಟಾದ ಬಿಡಾರದಲ್ಲಿ ನಾಯಿ ಸಾಕುವುದು ಕಷ್ಟವೆಂದು ಮಕ್ಕಳಿಗೆ ಆಮೆ ಕೊಡಿಸಲು ಹೊರಡುವ ತಂದೆತಾಯಿಗಳುಂಟು. ನಕ್ಷತ್ರ ಆಮೆಯನ್ನು ಸಾಕುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅದು ಅದೃಷ್ಟ ತರುವುದೆಂಬ ನಂಬಿಕೆ ಅಲ್ಲಿ ನೆರವಿಗೆ ಬಾರದು. ಇನ್ನು ಅಂಗಡಿಗಳಲ್ಲಿ ಕಾಣುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಅಮೆರಿಕದ ಆಮೆಮರಿ ಇಂದು ನಾಣ್ಯದಷ್ಟಿದ್ದರೆ ಮುಂದೆ ಊಟದ ತಟ್ಟೆಯಷ್ಟಾಗುತ್ತದೆ. 20-30 ವರ್ಷ ಬದುಕಬಲ್ಲದು. ಅದಕ್ಕೆ ಗಾಜಿನ ಬೋಗುಣಿ ಸಾಲದು. ದೊಡ್ಡ ತೊಟ್ಟಿ, ಬಿಸಿಲು, ಮೈ ಕಾಯಿಸಲು ಒಣಜಾಗ ಬೇಕು.

ಆಮೆಯಲ್ಲಿರಬಹುದಾದ ಸಾಲ್ಮೊನೆಲ್ಲಾ ರೋಗಾಣು ಎಳೆಯರಿಗೆ ಅಪಾಯಕಾರಿ. ಆ ಕಾರಣದಿಂದಲೇ ಅಮೆರಿಕವು 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಐದು ವರ್ಷದೊಳಗಿನ ಮಗುವಿರುವ ಮನೆಗೆ ಆಮೆ ಬೇಡವೆಂದೇ ನನ್ನ ಅಭಿಪ್ರಾಯ. ಉಳಿದವರು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಲಿ. ತೊಟ್ಟಿಯ ನೀರನ್ನು ಅಡುಗೆಮನೆಯಲ್ಲಿ ಚೆಲ್ಲದಿರಲಿ. ಬೇಸರವಾಯಿತೆಂದು ಪವಾಯಿ ಕೆರೆಗೂ ಬಿಡಲಾಗದು. ನಮ್ಮ ನಾಡಿನ ಆಮೆಗಳ ಆಹಾರಕ್ಕೆ ಅದು ಪಾಲುಗಾರನಾಗುತ್ತದೆ.