ಸಾಹೇಬ್ರ ಮಾರಿ ಕಾಣತೈತೇನು?

ಮಳೆಗಾಲ ಜೋರಾದರೆ ಸಾಂಗ್ಲಿ-ಮಿರಜ್ ಭಾಗದ ಪತ್ರಿಕಾ ಛಾಯಾಗ್ರಾಹಕನಿಗೆ ಬೆಳಗಾಗುವುದೇ ಕೃಷ್ಣಾ ನದಿಯ ಐರ್ವಿನ್ ಪೂಲಿನ ಮೇಲೆ. ಕೃಷ್ಣೆ ಎಷ್ಟು ಫೂಟಿಗೆ ಬಂದಳು? 40ಕ್ಕೆ ಎಚ್ಚರಿಕೆ, 45ಕ್ಕೆ ಅಪಾಯ. 2019ರ ಆಗಸ್ಟ್‌ನಲ್ಲಿ 57 ದಾಟಿದಳು. ಅವನು ಕ್ಯಾಮೆರಾಕ್ಕೆ ಹೊದಿಸಿದ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ, ಲೆನ್ಸಿನ ಮೂತಿ ಹೊರಗಿಟ್ಟು ರಬ್ಬರ್ ಬಿಗಿದಿರುತ್ತಾನೆ. ಅವನ ತಲೆಗೆ ಮಾತ್ರ ಏನೂ ಇಲ್ಲ. ಲೆನ್ಸಿನೊಳಗೆ ಹಬೆ ಕೂತರೆ ಒರೆಸಲು ಬಾರದು, ಕಾಯಬೇಕು. ಕಾಯಲು ಬಿಡುವವರು ಯಾರು? ಆಫೀಸಿನಿಂದ ಫೋನು: 'ಮಂತ್ರಿ ಬಂದಾರಂತ, ಬಿಟ್ಟು ಬಾ. ಸಾಹೇಬ್ರ ಮಾರಿ ಕಾಣತೈತೇನು ನೋಡಿ ತಗಿ!'

ನನ್ನ ಸಿಟ್ಟಿರುವುದು ಈ ಮಾತಿನ ಮೇಲೆ. ಸೊಂಟಮಟ್ಟ ನೀರಿನಲ್ಲಿ ನಿಂತವನೊಬ್ಬ, ಒಣ ಕುರ್ಚಿಯಲ್ಲಿ ಕೂತು ಚಿತ್ರ ಕತ್ತರಿಸುವವನು ಇನ್ನೊಬ್ಬ. ಊರಿನ ಯಾವ ನೋವು ಅಚ್ಚಾಗಬೇಕು, ಯಾವುದು ಕಸದ ಬುಟ್ಟಿಗೆ ಬೀಳಬೇಕು ಎಂಬುದನ್ನು ಆ ಕತ್ತರಿಯೇ ತೀರ್ಮಾನಿಸುತ್ತದೆ.

2019ರ ಪೂರವನ್ನೇ ನೆನಪಿಸಿಕೊಳ್ಳಿ. ಆಗಸ್ಟ್ 8ರಂದು ಪಲೂಸ್ ತಾಲೂಕಿನ ಬ್ರಹ್ಮನಾಳದಲ್ಲಿ ಜನ ಕಿಕ್ಕಿರಿದು ಹತ್ತಿದ ದೋಣಿ ಮಗುಚಿ 17 ಜನ ಸತ್ತರು. ಸರ್ಕಾರದ ದೋಣಿಗಾಗಿ ಕಾದು ಕಾದು ಸಾಕಾದವರು ಸಿಕ್ಕ ದೋಣಿ ಹತ್ತಿದ್ದರು. ಅದೇ ಹೊತ್ತಿಗೆ ಮಹಾರಾಷ್ಟ್ರದ ಆಗಿನ ಜಲಸಂಪನ್ಮೂಲ ಮಂತ್ರಿ ಗಿರೀಶ್ ಮಹಾಜನ್ ದೋಣಿಯಲ್ಲಿ ನಗುತ್ತ ಕೈಬೀಸಿದ ವಿಡಿಯೋ ಊರೂರು ಸುತ್ತಿತು. ಪರಿಹಾರದ ಅಕ್ಕಿ-ಗೋಧಿ ಪೊಟ್ಟಣದ ಮೇಲೆ ಮುಖ್ಯಮಂತ್ರಿಯ ಫೋಟೊ, ಪಕ್ಕದಲ್ಲಿ ಇಚಲಕರಂಜಿ ಶಾಸಕರ ಫೋಟೊ. ಮನೆ ಎರಡು ದಿನಕ್ಕಿಂತ ಹೆಚ್ಚು ಮುಳುಗಿದ್ದರಷ್ಟೇ ಪುಕ್ಕಟೆ ರೇಷನ್ ಎಂಬ ಆದೇಶ ಬೇರೆ! ಒಂದು ದಿನ ಮುಳುಗಿದವನ ಹೊಟ್ಟೆಗೆ ಹಸಿವಿಲ್ಲವೇ? ಹಸಿದವರ ಕೈಗೆ ಹೋಗುವ ಚೀಲದ ಮೇಲೂ ಮಾರಿ ಅಂಟಿಸುವವರಿಗೆ ಪೇಪರಿನ ಮೊದಲ ಪುಟ ಯಾವ ಲೆಕ್ಕ?

ಇನ್ನು ನಮ್ಮ ಮಿರಜ್ ತಾಲೂಕಿನ ಬೇಡಗ. ಮರಾಠಿ ಪೇಪರಿಗೆ ಇದು ಜಿಲ್ಲೆಯ ಅಂಚು, ಬೆಂಗಳೂರಿನ ಪೇಪರಿಗೆ ಪರರಾಜ್ಯ. ಪೂರ ಬಂದಾಗ ಆಲಮಟ್ಟಿ ಅಣೆಕಟ್ಟಿನ ಎತ್ತರ, ಚುನಾವಣೆ ಬಂದಾಗ ಗಡಿ. ಇವೆರಡು ಬಿಟ್ಟರೆ ಎರಡೂ ಕಡೆಯವರಿಗೆ ಈ ಸೀಮೆಯ ನೆನಪೇ ಆಗದು. 2023ರ ಜೂನ್‌ನಲ್ಲಿ ಇಲ್ಲಿ ಕಟ್ಟುತ್ತಿದ್ದ ಬಾಬಾಸಾಹೇಬ್ ಅಂಬೇಡ್ಕರರ ಹೆಸರಿನ ಸ್ವಾಗತ ಕಮಾನನ್ನು ಕೆಡವಿದರು. ಅದನ್ನು ಪ್ರತಿಭಟಿಸಿ ಜುಲೈನಲ್ಲಿ ದಲಿತ ಕುಟುಂಬಗಳು ಮನೆಗೆ ಬೀಗ ಹಾಕಿ, ಮಕ್ಕಳುಮರಿ ಕಟ್ಟಿಕೊಂಡು ಮುಂಬೈಯ ಸರ್ಕಾರಿ ಸಚಿವಾಲಯವಾದ ಮಂತ್ರಾಲಯದ ಕಡೆಗೆ ನಡೆಯುತ್ತ ಹೊರಟವು. ಆಗ ಬಂದವು ನೋಡಿ ಕ್ಯಾಮೆರಾಗಳು! ಅವರದೇ ಕೇರಿ ಪ್ರತಿ ಮಳೆಗಾಲ ಕೆಸರಲ್ಲಿ ಕೂತಾಗ ಎಲ್ಲಿದ್ದವು? ಛಾಯಾಗ್ರಾಹಕ ಒಬ್ಬನೇ ಬಂದು ಚಿತ್ರ ತೆಗೆದು ಕಳಿಸಿದ್ದರೂ 'ಇದರಾಗ ಸುದ್ದಿ ಏನೈತಿ?' ಎಂಬ ಉತ್ತರವೇ ಸಿಗುತ್ತಿತ್ತು. ದಲಿತರು ಊರು ಬಿಟ್ಟರೆ ಸುದ್ದಿ, ಊರಲ್ಲಿ ಉಸಿರು ಹಿಡಿದು ಬದುಕಿದರೆ ಸುದ್ದಿಯಲ್ಲ.

ಚಿತ್ರ ತೆಗೆದವನ ಗತಿಯೂ ಅಷ್ಟೇ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಸುದ್ದಿ ಛಾಯಾಗ್ರಾಹಕನನ್ನೂ ಪತ್ರಕರ್ತನೆಂದೇ ಕರೆಯಿತು. ಪತ್ರಿಕಾ ನೌಕರರ ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ತಾಲೂಕಿನ ಹುಡುಗನಿಗೆ ಇದರಿಂದ ದಕ್ಕಿದ್ದೇನು? ನೇಮಕದ ಕಾಗದವೇ ಇಲ್ಲದವನಿಗೆ ಯಾವ ಮಂಡಳಿ, ಯಾವ ಕೋರ್ಟು? ಚಿತ್ರಕ್ಕಿಷ್ಟು ಎಂದು ಕೂಲಿ, ಪೆಟ್ರೋಲು ಕೈಯಿಂದ, ನೀರು ಹೊಕ್ಕ ಕ್ಯಾಮೆರಾದ ಸಾಲ ಹೆಂಡತಿಯ ಕಿವಿಯ ಓಲೆಯಿಂದ. ಮರುದಿನ ಅಚ್ಚಾದ ಚಿತ್ರದ ಕೆಳಗೆ ಅವನ ಹೆಸರೂ ಇರುವುದಿಲ್ಲ. ಸಾಹೇಬರ ಹೆಸರು ಮಾತ್ರ ದಪ್ಪಕ್ಷರದಲ್ಲಿ.

ಮಾಲೀಕರೇ, ಪೂರದ ಪುರವಣಿಗೆ ಸಾಹುಕಾರರಿಂದ, ಸಕ್ಕರೆ ಕಾರ್ಖಾನೆಯಿಂದ ಜಾಹೀರಾತು ಎತ್ತುತ್ತೀರಲ್ಲ, ಆ ದುಡ್ಡಿನಲ್ಲಿ ಮೊದಲು ಅವನ ಜೀವಕ್ಕೆ ವಿಮೆ ಮಾಡಿಸಿ. ಕೂಲಿಯನ್ನು ಸಂಬಳ ಮಾಡಿ. ಚಿತ್ರದ ಕೆಳಗೆ ಹೆಸರು ಹಾಕಿ. ಇದು ಭಿಕ್ಷೆಯಲ್ಲ, ಬಾಕಿ.

ತಮ್ಮಾ, ನಿನಗೂ ಒಂದು ಮಾತು. ಮುಂದಿನ ಪೂರಕ್ಕೆ ಸಾಹೇಬರು ದೋಣಿಯಲ್ಲಿ ನಿಂತು ನಗುವಾಗ ಅವರಿಗೆ ಬೆನ್ನು ತಿರುಗಿಸು. ಆ ದೋಣಿಯಲ್ಲಿ ಜಾಗ ಸಿಗದೆ ದಂಡೆಯಲ್ಲೇ ಉಳಿದವರ ಮಾರಿ ತಗಿ. ಅಚ್ಚು ಹಾಕುವುದಿಲ್ಲ ಎಂದರೆ ಊರಿನ ಚಾವಡಿಗೆ ಅಂಟಿಸೋಣ. ಗೋಡೆ ನಮ್ಮದೇ ಐತಿ.