ಲಾಗಿನ್ನೇ ಆಗದ ಲೋಡ್ ಟೆಸ್ಟ್

"ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ." ನಮ್ಮ ಭಾಗದ ಯಾವ ಊರಿಗೆ ಹೋದರೂ ಈ ಮಾತು ಕೇಳದವರು ಸಿಗಲಿಕ್ಕಿಲ್ಲ. ಎಮ್ಮಿಗನೂರನ್ನೇ ತಗೊಳ್ಳಿ. ಆಂಧ್ರದ ಕರ್ನೂಲು ಕಡೆಯದಲ್ಲ, ನಮ್ಮ ಕಂಪ್ಲಿ ತಾಲ್ಲೂಕಿನದು. ಭತ್ತದ ಗದ್ದೆಗೆ ಕೂಲಿಗೆ ಹೋಗುವ ಹೆಣ್ಣುಮಗಳು ಆಧಾರ್ ಕಾರ್ಡು ಹಿಡಕೊಂಡು ಸೇವಾ ಕೇಂದ್ರದ ಮುಂದೆ ನಿಂತರೆ, ಅವತ್ತಿನ ಕೂಲಿ ಹೋದಂತೆಯೇ ಲೆಕ್ಕ. ನಾಳೆ ಬರ್ರಿ ಅಂದರೆ ನಾಳೆಯ ಕೂಲಿಯೂ ಹೋಯಿತು. ನಮಗೆ ಅದು ಪರದೆಯ ಮೇಲೆ ತಿರುಗುವ ಒಂದು ಚಕ್ರ, ಅಷ್ಟೇ. ಆಕೆಗೆ ಅದು ಎರಡು ದಿನದ ದುಡಿಮೆ.

2023ರ ಜೂನ್ 18ರಂದು ಸೇವಾಸಿಂಧು ಮೂಲಕ ಗೃಹಜ್ಯೋತಿ ನೋಂದಣಿ ಶುರುವಾದಾಗ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ರಾಜ್ಯದ ಮನೆಮನೆಯವರೂ ಒಂದೇ ಬಾಗಿಲಿಗೆ ಬಂದರು, ಬಾಗಿಲು ತಡವರಿಸಿತು. ಮುಂದಿನ ತಿಂಗಳು ಗೃಹಲಕ್ಷ್ಮಿ ಬಂದಾಗ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಅಂತ ಎಸ್ಸೆಮ್ಮೆಸ್ ಕಳಿಸುವ ಏರ್ಪಾಡು ಮಾಡಬೇಕಾಯಿತು. ಇದು ನಮ್ಮಲ್ಲಿ ಮಾತ್ರ ಆಗೋದಲ್ಲ. ಅಮೆರಿಕದ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ತೆರೆದಾಗ ಲಕ್ಷಗಟ್ಟಲೆ ಜನ ಬಂದರು; ಮೊದಲ ದಿನ ವಿಮೆಗೆ ನೋಂದಣಿ ಪೂರ್ತಿ ಮುಗಿಸಿದವರು 6 ಜನ. ಅಲ್ಲಿ ಮೊದಲು ಸಿಕ್ಕಿಕೊಂಡದ್ದು ಖಾತೆ ತೆರೆದು ಒಳಗೆ ಹೋಗುವ ಜಾಗದಲ್ಲೇ, ಅಂದರೆ ಲಾಗಿನ್ ಹತ್ತಿರವೇ.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಕ್ಲಾಸಿನಲ್ಲಿ ಬರುವ ಮೊದಲ ಮಾತು "ಇನ್ನೊಂದು ಸರ್ವರ್ ಹಾಕಿದ್ರೆ ಆಯ್ತಪ್ಪ." ನಮಗೆ ಹಾಗೆ ಅನ್ನಿಸುವುದಿಲ್ಲ. ಎಷ್ಟು ಸರ್ವರ್ ಬೇಕು ಅಂತ ಹೇಳಬೇಕಾದದ್ದು ಲೋಡ್ ಟೆಸ್ಟ್. ಆ ಟೆಸ್ಟೇ ಸುಳ್ಳು ಹೇಳಿದರೆ ಹತ್ತು ಸರ್ವರ್ ಹಾಕಿದರೂ ಅದು ಕುರುಡು ಲೆಕ್ಕ. ಲಾಗಿನ್ ಇರುವ ವೆಬ್‌ಸೈಟಿನ ಟೆಸ್ಟ್ ಸುಳ್ಳಾಗುವುದು ಬಹಳ ಸಲ ಒಂದು ಸಣ್ಣ ವಸ್ತುವಿನಿಂದ: ಕುಕಿ. ಒಳಗೆ ಹೋದದ್ದು ನಿಜವೇ ಅಂತ ಖಚಿತಪಡಿಸಿಕೊಳ್ಳದ ಲಾಗಿನ್ ಟೆಸ್ಟನ್ನು ಟೆಸ್ಟ್ ಅಂತ ಕರೆಯುವುದನ್ನೇ ನಾವು ನಿಲ್ಲಿಸಬೇಕು. ಪ್ರಾಜೆಕ್ಟ್ ವರದಿಯಲ್ಲೂ, ನಾಳೆ ಕೆಲಸಕ್ಕೆ ಸೇರಿದ ಮೇಲೂ.

ಕುಕಿ ಅಂದರೇನು? ಎಚ್‌ಟಿಟಿಪಿಗೆ ನೆನಪಿನ ಶಕ್ತಿ ಇಲ್ಲ. ಈಗ ತಾನೇ ಮಾತಾಡಿಸಿ ಹೋದವನು ಮರುಕ್ಷಣ ಬಂದರೂ "ಯಾರಪ್ಪಾ ನೀನು?" ಅನ್ನುತ್ತದೆ. ಅದಕ್ಕೇ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಕುಕಿ ತಂದರು. ಸೊಸೈಟಿಯಲ್ಲಿ ಗೊಬ್ಬರಕ್ಕೆ ಸರದಿ ನಿಂತದ್ದನ್ನು ನೆನೆಸಿಕೊಳ್ಳಿ. ಮೊದಲ ಕಿಟಕಿಯಲ್ಲಿ ಕಾಗದ ತೋರಿಸಿದರೆ ಟೋಕನ್ ಕೊಡುತ್ತಾರೆ. ಎರಡನೇ ಕಿಟಕಿಯಲ್ಲಿ ಟೋಕನ್ ತೋರಿಸಿದರೆ ಸಾಕು, ಮತ್ತೆ ಕಾಗದ ಕೇಳುವುದಿಲ್ಲ. ಟೋಕನ್ ಕಳಕೊಂಡರೆ? ಮತ್ತೆ ಮೊದಲ ಕಿಟಕಿಗೆ ನಡೀರಿ. ಲಾಗಿನ್ ಆದ ಮೇಲೆ ಸರ್ವರ್ ಕೊಡುವ ಸೆಷನ್ ಕುಕಿ ಇಂಥದೇ ಟೋಕನ್. ಬ್ರೌಸರ್ ಅದನ್ನು ನಮಗೆ ಗೊತ್ತಿಲ್ಲದಂತೆ ಕಿಸೆಯಲ್ಲಿ ಇಟ್ಟುಕೊಂಡು ಪ್ರತಿ ಸಲ ತೋರಿಸುತ್ತದೆ. ಲೋಡ್ ಟೆಸ್ಟ್ ಮಾಡುವ ತಂತ್ರಾಂಶ ಬ್ರೌಸರ್ ಅಲ್ಲ. ಅದಕ್ಕೆ ಕಿಸೆ ನಾವೇ ಹೊಲಿದು ಕೊಡಬೇಕಾಗಬಹುದು.

ನಮ್ಮ ಕಾಲೇಜುಗಳಲ್ಲಿ ಹೆಚ್ಚು ಬಳಸುವ ಅಪಾಚೆ ಜೆಮೀಟರ್ ನೋಡಿ. ಅದರಲ್ಲಿ ಎಚ್‌ಟಿಟಿಪಿ ಕುಕಿ ಮ್ಯಾನೇಜರ್ ಅನ್ನುವ ಭಾಗವನ್ನು ಸೇರಿಸದಿದ್ದರೆ ಕುಕಿ ಉಳಿಯುವುದೇ ಇಲ್ಲ. ಆಗ ನಡೆಯುವ ನಾಟಕ ಹೀಗಿದೆ: ಯೂಸರ್‌ನೇಮ್, ಪಾಸ್‌ವರ್ಡ್ ಹೋಯಿತು, ಸರ್ವರ್ ಸರಿ ಅಂತ ಟೋಕನ್ ಕೊಟ್ಟಿತು, ಜೆಮೀಟರ್ ಅದನ್ನು ಅಲ್ಲೇ ಬಿಸಾಡಿತು. ಮುಂದಿನ ಪುಟ ಕೇಳಿದಾಗ ಟೋಕನ್ ಇಲ್ಲ; ಸರ್ವರ್ 302 ಕೊಟ್ಟು ವಾಪಸ್ ಲಾಗಿನ್ ಪುಟಕ್ಕೆ ಕಳಿಸಿತು. ಲಾಗಿನ್ ಪುಟ ಚೆನ್ನಾಗಿಯೇ ತೆರೆದುಕೊಂಡಿತು, 200 ಬಂತು. ಜೆಮೀಟರ್ ಹಸಿರು ಗುರುತು ಹಾಕಿತು! ಸಾವಿರ ಜನ ಬಂದರು, ಒಬ್ಬರೂ ಒಳಗೆ ಹೋಗಲಿಲ್ಲ, ವರದಿಯಲ್ಲಿ ಮಾತ್ರ ದೋಷ ಶೇ 0. ಲಾಗಿನ್ ಪುಟ ಹಗುರ, ಡೇಟಾಬೇಸಿಗೆ ಕೆಲಸ ಕಡಿಮೆ. ಹೀಗಾಗಿ ವೇಗವೂ ಅದ್ಭುತ. ಆ ಅಂಕಿಯನ್ನು ನಂಬಿ ಪೋರ್ಟಲ್ ತೆರೆದರೆ ಮೊದಲ ದಿನವೇ ಬಣ್ಣ ಬಯಲು.

ಇನ್ನೊಂದು ತಪ್ಪು ಇದರ ಉಲ್ಟಾ. ಬ್ರೌಸರಿನಲ್ಲಿ ಲಾಗಿನ್ ಆಗಿ, ಆ ಕುಕಿಯನ್ನು ಕಾಪಿ ಮಾಡಿ ಟೆಸ್ಟಿನ ಹೆಡರ್‌ಗೆ ಅಂಟಿಸುವುದು. ಅಲ್ಲಿಗೆ ಸಾವಿರ ಜನರ ಕೈಯಲ್ಲೂ ಒಂದೇ ನಂಬರಿನ ಟೋಕನ್. ಪಿಎಚ್‌ಪಿ ಸೈಟ್ ಆದರೆ ಸೆಷನ್ನನ್ನು ಸಾಮಾನ್ಯವಾಗಿ ಫೈಲಿನಲ್ಲಿಟ್ಟು, ಒಂದು ವಿನಂತಿ ಮುಗಿಯುವವರೆಗೆ ಆ ಫೈಲಿಗೆ ಬೀಗ ಹಾಕಿರುತ್ತದೆ. ಒಂದೇ ಸೆಷನ್ ಆದ್ದರಿಂದ ಸಾವಿರ ವಿನಂತಿಗಳು ಒಂದರ ಹಿಂದೆ ಒಂದು ಕಾಯುತ್ತವೆ. "ಸರ್ವರ್ ಬಹಳ ನಿಧಾನ" ಅಂತ ವರದಿ ಬರೆಯುತ್ತೇವೆ. ನಿಧಾನವಾದದ್ದು ಸರ್ವರ್ ಅಲ್ಲ, ನಮ್ಮ ಟೆಸ್ಟ್. ಲೋಡ್ ಬ್ಯಾಲೆನ್ಸರ್ ಕುಕಿ ನೋಡಿ ಸರ್ವರ್ ಹಂಚುವಂತಿದ್ದರೆ ಇನ್ನೂ ಚೆಂದ: ನಾಲ್ಕು ಸರ್ವರ್‌ಗಳಲ್ಲಿ ಒಂದೇ ಎತ್ತು ಉಳುತ್ತಿರುತ್ತದೆ, ಉಳಿದ ಮೂರು ನೆರಳಲ್ಲಿ ಮೆಲುಕು ಹಾಕುತ್ತಿರುತ್ತವೆ.

ಮೂರನೇದು, ಕುಕಿ ಇದ್ದೂ ಹೋಗದಿರುವುದು. ಕುಕಿಗೆ ತನ್ನದೇ ಷರತ್ತುಗಳಿವೆ. 'ಸೆಕ್ಯೂರ್' ಅಂತ ಗುರುತಿರುವ ಕುಕಿ ಎಚ್‌ಟಿಟಿಪಿಎಸ್ ಮೇಲೆ ಮಾತ್ರ ಹೋಗುತ್ತದೆ. ಟೆಸ್ಟಿಂಗ್ ಸರ್ವರಿನಲ್ಲಿ ಬರೀ ಎಚ್‌ಟಿಟಿಪಿ ಇದ್ದರೆ ಅದು ಕದಲುವುದಿಲ್ಲ. ಡೊಮೇನ್ ಹೆಸರಿಗೆ ಕಟ್ಟಿದ ಕುಕಿ, ನೀವು ಐಪಿ ವಿಳಾಸ ಹಾಕಿ ಟೆಸ್ಟ್ ಮಾಡಿದರೆ ಹೊಂದುವುದಿಲ್ಲ. ಪಾತ್ ಬೇರೆಯಾದರೂ ಅಷ್ಟೇ. ಇವೆಲ್ಲ ಸರಿ ಇದ್ದರೂ ಜ್ಯಾಂಗೋದಂಥ ಚೌಕಟ್ಟುಗಳು ಫಾರಂನೊಳಗೆ ಒಂದು ಗುಪ್ತ ಸಿಎಸ್‌ಆರ್‌ಎಫ್ ಟೋಕನ್ ಇಡುತ್ತವೆ. ಅದನ್ನು ಮೊದಲು ಲಾಗಿನ್ ಪುಟದಿಂದ ಹೆಕ್ಕಿ, ಕುಕಿಯ ಜೊತೆಗೇ ಕಳಿಸಬೇಕು. ನಿನ್ನೆ ರೆಕಾರ್ಡ್ ಮಾಡಿದ್ದನ್ನು ಇವತ್ತು ಕಳಿಸಿದರೆ 403 ಬರುತ್ತದೆ. ಇದೊಂದು ಪುಣ್ಯ, ಕನಿಷ್ಠ ಕೆಂಪು ಗುರುತಾದರೂ ಕಾಣುತ್ತದೆ.

ನಾಲ್ಕನೇದು ಎರಡನೇ ಸುತ್ತಿನಲ್ಲಿ ಬರುವ ತೊಂದರೆ. ಮೊದಲ ಸುತ್ತಿನ ಕುಕಿ ಅಳಿಸದೆ ಉಳಿದರೆ, ಎರಡನೇ ಸಲ ಲಾಗಿನ್ ಪುಟ ಕೇಳಿದಾಗ ಸರ್ವರ್ "ನೀನು ಒಳಗೇ ಇದ್ದೀಯಲ್ಲಪ್ಪ" ಅಂತ ನೇರ ಮುಖಪುಟಕ್ಕೆ ಕಳಿಸಬಹುದು. ಮೊದಲ ಸುತ್ತು ಸರಿ, ಆಮೇಲೆ ಎಲ್ಲ ಎಡವಟ್ಟು ಅಂತಾದರೆ ಮೊದಲು ಇಲ್ಲಿ ನೋಡಿ. ಕೆ6 ತಂತ್ರಾಂಶ ಪ್ರತಿ ಸುತ್ತಿಗೂ ಕುಕಿಯನ್ನು ತಾನೇ ಅಳಿಸುತ್ತದೆ. ಲೋಕಸ್ಟ್ ಬಳಕೆದಾರ ಇರುವವರೆಗೂ ಉಳಿಸಿಕೊಳ್ಳುತ್ತದೆ. ಜೆಮೀಟರಿನಲ್ಲಿ ನಾವೇ ಆರಿಸಬೇಕು. ಯಾವುದು ಸರಿ ಅನ್ನುವುದಕ್ಕಿಂತ, ನಿಜವಾದ ಬಳಕೆದಾರ ಹೇಗೆ ಬರುತ್ತಾನೆ ಅಂತ ಕೇಳಿಕೊಳ್ಳಬೇಕು. ಸೇವಾ ಕೇಂದ್ರದ ಆಪರೇಟರ್ ಬೆಳಿಗ್ಗೆ ಒಮ್ಮೆ ಲಾಗಿನ್ ಆಗಿ ಇಡೀ ದಿನ ಅರ್ಜಿ ಹಾಕಬಹುದು. ಮನೆಯಲ್ಲಿ ಮೊಬೈಲ್ ಹಿಡಿದವರು ಒಮ್ಮೆ ಬಂದು ಹೋಗುತ್ತಾರೆ. ಎರಡೂ ಬೇರೆ ಟೆಸ್ಟುಗಳು.

ಹಾಗಾದರೆ ಸರಿಯಾಗಿ ನೋಡುವುದು ಹೇಗೆ? ಸಾವಿರದಿಂದ ಶುರು ಮಾಡಬೇಡಿ, ಒಂದರಿಂದ ಮಾಡಿ. ಒಬ್ಬ ಬಳಕೆದಾರನನ್ನು ಓಡಿಸಿ, ವ್ಯೂ ರಿಸಲ್ಟ್ಸ್ ಟ್ರೀ ತೆರೆದು, ಲಾಗಿನ್ ಉತ್ತರದಲ್ಲಿ ಸೆಟ್-ಕುಕಿ ಬಂದಿದೆಯೇ, ಮುಂದಿನ ವಿನಂತಿಯಲ್ಲಿ ಅದೇ ಕುಕಿ ಹೋಗಿದೆಯೇ ಅಂತ ಕಣ್ಣಾರೆ ನೋಡಿ. ಕೆಲವು ಸೈಟುಗಳು ಲಾಗಿನ್ ಆದೊಡನೆ ಸೆಷನ್ ಸಂಖ್ಯೆ ಬದಲಿಸುತ್ತವೆ, ಹೊಸದೇ ಹೋಗಬೇಕು. ಆಮೇಲೆ ಇಬ್ಬರನ್ನು ಓಡಿಸಿ. ಇಬ್ಬರ ಕುಕಿ ಬೇರೆ ಬೇರೆ ಇರಬೇಕು, ಪ್ರತಿಯೊಬ್ಬರಿಗೂ ಅವರವರ ಹೆಸರೇ ಕಾಣಬೇಕು. ಪುಟದಲ್ಲಿ 'ಲಾಗ್‌ಔಟ್' ಪದ ಅಥವಾ ಬಳಕೆದಾರನ ಹೆಸರು ಇಲ್ಲದಿದ್ದರೆ ಅದು ಸೋಲು ಅಂತ ಅಸರ್ಷನ್ ಬರೆಯಿರಿ. ಸಾವಿರ ಬಳಕೆದಾರರಿಗೆ ಸಾವಿರ ಖಾತೆ ಸಿಎಸ್‌ವಿ ಫೈಲಿನಿಂದ ಕೊಡಿ. ಟೆಸ್ಟ್ ಮುಗಿದ ಮೇಲೆ ಸರ್ವರಿನ ದಾಖಲೆಯಲ್ಲಿ ಯಶಸ್ವಿ ಲಾಗಿನ್ ಎಷ್ಟು ಅಂತ ಎಣಿಸಿ, ನಿಮ್ಮ ವರದಿಯ ಜೊತೆ ತಾಳೆ ನೋಡಿ. ತಾಳೆಯಾಗದಿದ್ದರೆ ಆ ಗ್ರಾಫನ್ನು ಯಾರಿಗೂ ತೋರಿಸಬೇಡಿ.

"ಇಷ್ಟೆಲ್ಲ ಯಾರು ಮಾಡ್ತಾರ್ರೀ, ಟೈಮ್ ಎಲ್ಲೈತಿ?" ಅಂತ ಕೇಳುವವರಿದ್ದಾರೆ. ಮುಖಪುಟದ ಮೇಲೆ ಹೊರೆ ಹಾಕಿದರೆ ಅಂದಾಜು ಸಿಗುತ್ತದಲ್ಲ ಅನ್ನುವ ವಾದವೂ ಇದೆ. ಫಲಿತಾಂಶ ತೋರಿಸುವಂಥ, ಲಾಗಿನ್ ಬೇಡದ ಸೈಟಿಗೆ ಅದು ಒಪ್ಪಬಹುದಾದ ಮಾತು. ಲಾಗಿನ್ ಇರುವಲ್ಲಿ ಅಲ್ಲ. ಪಾಸ್‌ವರ್ಡ್ ಪರೀಕ್ಷಿಸುವ ಬಿಕ್ರಿಪ್ಟ್‌ನಂಥ ವಿಧಾನಗಳು ಬೇಕಂತಲೇ ನಿಧಾನ. ಕಳ್ಳ ಊಹಿಸುವುದು ಕಷ್ಟವಾಗಲಿ ಅಂತ ಹಾಗೆ ಮಾಡಿದ್ದಾರೆ. ಅಂದರೆ ಪ್ರೊಸೆಸರಿಗೆ ಅತಿ ಭಾರದ ಹೆಜ್ಜೆಗಳಲ್ಲಿ ಲಾಗಿನ್ ಒಂದು. ಓಟಿಪಿ ಇದ್ದರೆ ಎಸ್ಸೆಮ್ಮೆಸ್ ಸಾಗುವ ದಾರಿಯೂ ಸೇರಿತು. ಮುಖಪುಟ ತಾಳಿತು ಅಂತ ಲಾಗಿನ್ ತಾಳುತ್ತದೆ ಅನ್ನುವುದು, ಊರ ಅಗಸಿ ಅಗಲ ಇದೆ ಅಂತ ಮನೆಯೊಳಗೆ ಲಾರಿ ನುಗ್ಗಿಸಿದಂತೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಲಿತೆವು ಅಂತ ಸರ್ಕಾರದ್ದೋ, ಬೇರೆಯವರದ್ದೋ ಸೈಟಿನ ಮೇಲೆ ಜೆಮೀಟರ್ ಓಡಿಸಬೇಡಿ. ಅನುಮತಿ ಇಲ್ಲದೆ ಹೊರೆ ಹಾಕಿ ಇತರರಿಗೆ ಸೇವೆ ಸಿಗದಂತೆ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43 ಮತ್ತು 66ರ ಅಡಿ ಬರುತ್ತದೆ. ಆಸ್ತಿ ನೋಂದಣಿಯ ಕಾವೇರಿ 2.0 ಮೇಲೆ ಡಿಡಿಒಎಸ್ ದಾಳಿ ಆಗಿ 2025ರ ಆರಂಭದಲ್ಲಿ ಜನ ಪಟ್ಟ ಪಾಡು ಗೊತ್ತೇ ಇದೆ. ನಿಮ್ಮದೇ ಲ್ಯಾಪ್‌ಟಾಪಿನಲ್ಲಿ ನಿಮ್ಮದೇ ಪ್ರಾಜೆಕ್ಟ್ ಓಡಿಸಿ ಕಲಿಯಿರಿ. ಬೇಕಾದಷ್ಟಾಯಿತು.

ನಮ್ಮ ಕೋರಿಕೆ ದೊಡ್ಡದಲ್ಲ. ಪ್ರಾಜೆಕ್ಟ್ ವೈವಾದಲ್ಲಿ ಗುರುಗಳು "ಎಷ್ಟು ಯೂಸರ್ ಹಾಕಿದ್ರಿ?" ಅಂತ ಕೇಳುವ ಮೊದಲು "ಎಷ್ಟು ಜನ ಲಾಗಿನ್ ಆದರು, ಹೇಗೆ ಗೊತ್ತು?" ಅಂತ ಕೇಳಲಿ. ಲೋಡ್ ಟೆಸ್ಟ್ ವರದಿಯಲ್ಲಿ ಕುಕಿ ಹೇಗೆ ನಿಭಾಯಿಸಿದಿರಿ ಅಂತ ಎರಡು ಸಾಲು ಕಡ್ಡಾಯವಾಗಲಿ. ಕಾಲೇಜು ಫೆಸ್ಟಿನ ನೋಂದಣಿ ಸೈಟಿನಿಂದಲೇ ಈ ರೂಢಿ ಶುರುವಾಗಲಿ. ನಮ್ಮಲ್ಲಿ ಕೆಲವರು ಇನ್ನೆರಡು ವರ್ಷಕ್ಕೆ ಇಂಥ ಪೋರ್ಟಲ್‌ಗಳನ್ನೇ ಕಟ್ಟುವ ಕೆಲಸದಲ್ಲಿ ಇರುತ್ತೇವೆ. ಅವತ್ತು ಹಸಿರು ಗ್ರಾಫ್ ತೋರಿಸಿ "ಸೈಟ್ ರೆಡಿ ಸರ್" ಅನ್ನುವವರು ನಾವೇ. ಆ ಮಾತು ನಿಜವಾಗಿದ್ದರೆ ಎಮ್ಮಿಗನೂರಿನ ಆ ಹೆಣ್ಣುಮಗಳು ಹತ್ತು ನಿಮಿಷದಲ್ಲಿ ಅರ್ಜಿ ಮುಗಿಸಿ ಗದ್ದೆಗೆ ಹೋಗುತ್ತಾಳೆ, ನಮ್ಮ ಹೆಸರು ಆಕೆಗೆ ಗೊತ್ತೂ ಆಗುವುದಿಲ್ಲ. ಗೊತ್ತಾಗದಿದ್ದರೇ ಕೆಲಸ ಸರಿಯಾಗಿ ಆಗಿದೆ ಅಂತ ಅರ್ಥ.