ಕರ್ತೃವಿನ ಆಸನ

‘ರಂಗನು ಭೀಮನನ್ನು ಹೊಡೆದನು’ ಎಂದರೂ ‘ಭೀಮನನ್ನು ರಂಗನು ಹೊಡೆದನು’ ಎಂದರೂ ಪೆಟ್ಟು ತಿಂದವನು ಭೀಮನೇ. ಪದಗಳು ಸ್ಥಳ ಬದಲಾಯಿಸಿದರೂ ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿ ಅವನ ಬೆನ್ನು ಬಿಡದು. ಇಂಗ್ಲಿಷಿನಲ್ಲಿ ಈ ಅನುಕೂಲವಿಲ್ಲ. ‘ರಂಗ ಬೀಟ್ ಭೀಮ’ ಎಂಬುದನ್ನು ‘ಭೀಮ ಬೀಟ್ ರಂಗ’ ಎಂದು ಬರೆದುಬಿಟ್ಟರೆ, ದೂರು ಕೊಡಬಂದವನೇ ಆರೋಪಿಯಾಗಿ ನಿಲ್ಲುತ್ತಾನೆ!

ಅಲ್ಲಿ ಕ್ರಿಯಾಪದದ ಎಡಗಡೆಯ ಆಸನ ಕರ್ತೃವಿಗೆ ಮೀಸಲು, ಬಲಗಡೆಯದು ಕರ್ಮಕ್ಕೆ. ಆದುದರಿಂದ ಕಲಿಯುವವರು ಮೊದಲು ಕ್ರಿಯಾಪದವನ್ನು ಹುಡುಕುವುದು ಲೇಸು. ಆಸನಗಳು ತಾವಾಗಿಯೇ ಗೋಚರಿಸುತ್ತವೆ. ‘ಭೀಮ ವಾಸ್ ಬೀಟನ್ ಬೈ ರಂಗ’ ಎಂಬ ಕರ್ಮಣಿ ಪ್ರಯೋಗದಲ್ಲಿ ಮಾತ್ರ ಪೆಟ್ಟು ತಿಂದ ಭೀಮನೇ ಎಡಗಡೆಯ ಆಸನವೇರುತ್ತಾನೆ. ಹೊಡೆದವನ ಗುರುತು ‘ಬೈ’ ಎಂಬ ಪುಟ್ಟ ಪದ.

ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿನಲ್ಲಿಯೂ ನಾಮಪದಗಳಿಗೆ ವಿಭಕ್ತಿಗಳಿದ್ದುವು. ಆಗಲೇ ಸವೆಯತೊಡಗಿದ್ದ ಅವು, 1066ರ ನಾರ್ಮನ್ ವಿಜಯದ ಅನಂತರದ ಶತಮಾನಗಳಲ್ಲಿ ಬಹುಮಟ್ಟಿಗೆ ಅಳಿದುವು. ‘ಹೀ’ ಎಂಬುದು ‘ಹಿಮ್’ ಆಗುವಲ್ಲಿ, ‘ಹೂ’ ಎಂಬುದು ‘ಹೂಮ್’ ಆಗುವಲ್ಲಿ ಅವುಗಳ ಪಳೆಯುಳಿಕೆಯನ್ನು ಇಂದಿಗೂ ಕಾಣಬಹುದು. ವಿಭಕ್ತಿ ಹೋದ ಮೇಲೆ ಭಾರವೆಲ್ಲ ಪದಗಳ ಕ್ರಮದ ಮೇಲೆ ಬಿದ್ದಿತು.

ಕನ್ನಡದಲ್ಲಿ ‘ಅವನು ವೈದ್ಯ’ ಎಂದರೆ ವಾಕ್ಯ ಪೂರ್ಣ. ಇಂಗ್ಲಿಷಿಗೆ ನಡುವೆ ‘ಈಸ್’ ಬೇಕೇ ಬೇಕು. ಕರ್ತೃವಿನ ಆಸನವಂತೂ ಬರಿದಾಗಿರಕೂಡದು. ಮಳೆ ಸುರಿಯುವಾಗ ಆಂಗ್ಲರು ‘ಇಟ್ ಈಸ್ ರೇನಿಂಗ್’ ಎನ್ನುತ್ತಾರೆ. ಆ ‘ಇಟ್’ ಯಾವುದೆಂದು ಮಕ್ಕಳು ಕೇಳುವುದುಂಟು. ಅದು ಯಾವುದೂ ಅಲ್ಲ. ಬಸ್ಸಿನಲ್ಲಿ ಸ್ಥಳ ಹಿಡಿಯಲು ಹಾಕಿದ ಟವೆಲು, ಅಷ್ಟೆ!